ಶೀಗಿ ಹುಣ್ಣಿಮಿ ಮರುದಿನ

ಶೀಗಿ ಹುಣ್ಣಿಮಿ ಆತು. ವಡಗಾವಿ ಓಣ್ಯಾಗ
ರಾತ್ರಿ ಕೌದಿ ಕಾಲತನಕ ಎಳಕೋಬೇಕು ಅನಸಾಕತ್ತೈತಿ.
ಮಾವ ಕೆಮ್ಮಿದರು. ಅದು ಕೆಮ್ಮಲ್ಲ, ನೆನಪು ಮಾಡೂ ರೀತಿ:
'ಬಂಬ ಇಳಸಬೇಕಲಾ?'

ನಾನೂ ನೆಗೆಣ್ಣಿ ಸುಮಿತ್ರಾನೂ ಅಟ್ಟದಿಂದ ಇಳಸಿದಿವಿ,
ಬಸರಿ ಎಮ್ಮಿನ್ನ ಹಳ್ಳಾ ದಾಟಿಸಿದಂಗ,
ಮೂರ ಸಲ ನಿಂತು, ಎರಡ ಸಲ ಬೈದು.
ನಲವತ್ತ ಲೀಟರಿನ ತಾಂಬ್ರದ ಹೊಟ್ಟಿ,
ನಡುವ ಹೊಗಿ ಕೊಳವಿ, ಕೆಳಗ ಕಬ್ಬಿಣದ ಜಾಳಗಿ,
ತಿರುವಿದರ ಗಿಳಿಮರಿ ಹಂಗ ಒದರೂ ಹಿತ್ತಾಳಿ ತೋಟಿ.
ಮೂರು ಮನಿ, ಹನ್ನೊಂದು ಮೈ, ಒಂದ ಬಂಬ.
ಇದು ಕೆಟ್ಟರ ಅಂಗಳದಾಗ ಮಾತು ಕೆಡತಾವು.

ಮೊದಲ ಬೂದಿ.
ಜರಡಿ ಹಿಡದರ ಮೊಳಿ ಬಂದವು, ಹದಿನೇಳು,
ಸುಟ್ಟು ನೀಲಿ ಆದವು.
ಯಾವ ಕಟಗಿದು ಅಂತ ಯಾರೂ ಕೇಳಲಿಲ್ಲ.
ಹ್ವಾದ ಚಳಿಗಾಲದಾಗ ನಾವು ಮಗ್ಗ ಸುಟ್ಟೀವಿ.

ಗರಗಸ ಹಿಡದಿದ್ದು ಮಾವನ.
ದಿನಕ್ಕ ಎರಡು ಗೇಣು, ಅಳದು ಕೊಯ್ದು ಕೊಟ್ಟರು,
ರೇಶನ್ ಅಂಗಡಿಯಂವ ಸಕ್ಕರಿ ತೂಗಿದಂಗ.
'ಸಾಗವಾನಿ. ನಲವತ್ತ ವರ್ಷ ನೆರಳಾಗ ಒಣಗೈತಿ,
ಇಂಥಾ ಕಟಗಿ ಪ್ಯಾಟ್ಯಾಗ ಸಿಗಂಗಿಲ್ಲ'
ಅಂದು, ಮೊದಲ ತಂಬಗಿ ತಾವ ಸುರಕೊಂಡರು.

ಬೋರಿನ ನೀರು ಒಳಗ ಸುಣ್ಣದ ಹಕ್ಕಳಿ ಕಟ್ಟಿತ್ತು.
ಹುಳಿ ಮಜ್ಜಿಗಿ ಹೊಯ್ದು ಒಂದ ರಾತ್ರಿ ಬಿಟ್ಟಿವಿ;
ಹೊರಗ ಹುಣಸಿಹಣ್ಣು, ಇಟ್ಟಂಗಿ ಪುಡಿ, ಮೊಳಕೈತನಕ ಹಸರ ನೊರಿ.
ಬುಡದ ಬೆಸಗಿ ಬಿಟ್ಟಿತ್ತು. ಕಲಾಯದ ಮೌಲಾಲಿ ಬಂದ,
ನವಸಾಗರದ ಹೊಗಿಗೆ ಹುಡುಗರೆಲ್ಲಾ ಸೀನಿದವು.
'ಅಕ್ಕಾ, ಇದನ್ನ ಮೋಡಕಾಕ್ಕ ಹಾಕಿದರ ಎರಡು ಗೀಜರ್ ಬರತಾವ.'
'ಕರೆಂಟ್ ಬಿಲ್ಲ ನಿಮ್ಮಪ್ಪ ತುಂಬತಾನೇನ?' ಅಂದ್ಲು ಸುಮಿತ್ರಾ.
ನಕ್ಕು, ಮುನ್ನೂರು ಅಂದಂವ
ಎರಡನೂರಾ ಎಂಬತ್ತಕ್ಕ ಇಳದ.

ಉಳದಿದ್ದು ಕೊಳವಿ.
ಕೈ ಹೋಗಂಗಿಲ್ಲ, ಕೋಲಿಗೆ ಮಸಿ ಬಿಡಂಗಿಲ್ಲ.
ಮಾವ ಒಳಗ ಹ್ವಾದರು. ಟ್ರಂಕ್ ತಗದ ಸಪ್ಪಳ.
ಬರೂ ಮುಂದ ಕೈಯಾಗ ಲಾಳಿ.
ಅದರ ಸುತ್ತ ತೆಂಗಿನ ನಾರು ಸುತ್ತಿ, ಎರಡೂ ಕಬ್ಬಿಣದ ಮೂಗಿಗೆ ಹುರಿ ಬಿಗದು
ಕೊಳವಿಯೊಳಗ ಇಳಿಬಿಟ್ಟರು:
ಮ್ಯಾಲ ಅವರು, ಕೆಳಗ ನಾನು.
ಎಡಕ್ಕ ಬಲಕ್ಕ ಓಡಿದ್ದು ಈಗ ಮ್ಯಾಲ ಕೆಳಗ.
ಟಕ್ಕ. ಟಕ್ಕ.
ತನ್ನ ಮಗ್ಗದ ಮಸಿ ತಾನ ಕೆರಕೋತ.

ಆಚಿ ಮನಿ ದ್ರೌಪದವ್ವ ಕಿಡಕ್ಯಾಗ ಹಣಕಿದಳು:
'ಮತ್ತ ಮಗ್ಗ ಹೂಡಿರೇನ ಅಣ್ಣಾ?'
ಮಸಿ ಮಾರಿ ಎತ್ತಿ ಮಾವ ಅಂದರು,
'ಹೂಂ. ಚಂದ್ರಕಾಳಿ.'

ನೀರು ತುಂಬಿ, ಕೆಳಗ ಪೇಪರ್ ಹಾಸಿ ಮಲಗಿದಿವಿ.
ಮುಂಜಾನಿ ನೋಡಿದರ ಒಂದ ಹನಿ ಗುರುತು, ಎಂಟಾಣೆಯಷ್ಟು,
ಯಾರದೋ ಜಾಹೀರಾತಿನ ಹಲ್ಲಿನ ಮ್ಯಾಲ.
ಮೌಲಾಲಿನ್ನ ಕರಿಯೂದು ಬ್ಯಾಡ ಅಂದರು ಮಾವ.
'ಅಷ್ಟ ಬೆವರು ಇರಬೇಕು.'

ಹತ್ತಿಕಟಗಿ ಗಾಡಿ ಬರೂದು ಸೋಮವಾರ.
ಇವತ್ತ ಹಚ್ಚಿ ನೋಡಾಕ ಏನೈತಿ?
ಅಟ್ಟದ ಮ್ಯಾಲ ಜಕಾರ್ಡಿನ ರಟ್ಟು ಎರಡ ಕಟ್ಟು,
ತೂತು ತೂತು, ಇಲಿ ಮೂಲಿ ಕಡದದ್ದು.
ಮಾವ ಒಂದು ಎತ್ತಿ ಬಿಸಲಿಗೆ ಹಿಡದರು.
ಮಾರಿ ಮ್ಯಾಲ ಬೆಳಕಿನ ಚುಕ್ಕಿ ಬಿದ್ದವು,
ಅವರು ಬೆರಳಿಂದ ಓದಿದರು, ಬಾಯಿ ಅಲುಗಲಿಲ್ಲ.
'ಇದು ನಿನ್ನ ಮದವಿ ಸೀರಿ ದಡಿ.'

ನಾ ಕಡ್ಡಿ ಗೀರಿದ್ದೆ. ಬೆರಳ ಸುಡಾಕತ್ತಿತ್ತು.
'ಹಾಕ್ರಿ' ಅಂದೆ. 'ಸೀರಿ ಇನ್ನೂ ಐತಿ.'

ರಟ್ಟು ತಡಾ ಮಾಡಿ ಹತ್ತಿತು.
ಮೊದಲ ತೂತುಗೋಳ ಅಂಚು ಕೆಂಪಾದವು,
ಒಂದ ಗಳಿಗಿ ದಡಿ ಪೂರಾ ಕಂಡಿತು,
ಆಮ್ಯಾಲ ಕೊಳವಿ ಉಸಿರು ಎಳಕೊಂತು, ಗುಂಯ್ ಅಂತ,
ಗಂಟಲ ಸಾಫ್ ಆದವರ ಹಂಗ.

ಅರ್ಧಾ ತಾಸಿಗೆ ತಾಂಬ್ರ ಮುಟ್ಟಾಕ ಬರದಂಗಾತು.
ತೋಟಿ ಒದರಿತು. ಹುಡುಗರು ಅರಬಿ ಬಿಚ್ಚಿ
ಸಾಲಾಗಿ ನಿಂತು ಜಗಳಾ ಚಾಲೂ ಮಾಡಿದವು.
ಮಾವ ಲಾಳಿ ಒರಸಿ
ಬಚ್ಚಲ ಗ್ವಾಡಿ ಮೊಳಿಗೆ ತೂಗಬಿಟ್ಟರು,
ಬರೂ ವರ್ಷ ಕೈಗೆ ಸಿಗೂ ಹಂಗ.