ಕಚ್ಚು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಮೆಡಿಕಲ್ ಸ್ಟೋರಿನ ಮೇಲೆ,
ಹದಿನೇಳು ಮೆಟ್ಟಿಲು ಹತ್ತಿ ಬಂದಳು ನಿಂಗಾಜಮ್ಮ.
ಬುಟ್ಟಿಯನ್ನು ಚಪ್ಪಲಿಯ ಪಕ್ಕ ಇಳಿಸಿ
ಮೇಲಿನ ಒದ್ದೆ ಗೋಣಿಯನ್ನು ಎರಡು ಸಲ ತಟ್ಟಿ
ಕುರ್ಚಿಗೆ ಒರಗುವ ಮೊದಲೇ ಕೇಳಿದಳು:
"ಎಷ್ಟೊತ್ತಾಯ್ತದವ್ವ? ಕಾಕಡ ಬಾಡ್ತದೆ."

ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಕಚ್ಚು.
ಬಿದ್ದು ಒಡೆದದ್ದಲ್ಲ, ಹುಳುಕೂ ಅಲ್ಲ.
ಮೂವತ್ತೊಂದು ವರ್ಷ, ಮಾರಿಗೊಂದು ಸಲ,
ಕಡಿದ ದಾರವೇ ಕೊರೆದುಕೊಂಡ ದಾರಿ.
ತಣ್ಣೀರು ಮುಟ್ಟಿದರೆ ನೆತ್ತಿಗಂಟ ಜುಂ ಅಂತದಂತೆ.

ಡಾಕ್ಟರು ಬಗ್ಗಿ ನೋಡಿದರು. ಮೂಸಿದರು.
"ಲವಂಗದೆಣ್ಣೆ ಹಚ್ತೀರಾ?"
"ದಿನಾ ರಾತ್ರಿ. ಹತ್ತೀಲಿ ಅದ್ದಿ ಒತ್ಕಂಡು ಮಲಗ್ತೀನಿ."
"ಹಾಗಾದರೆ ಇವತ್ತು ಬೇಡ. ಲವಂಗ ತಾಗಿದರೆ
ನಮ್ಮ ಅಂಟು ಸರಿಯಾಗಿ ಗಟ್ಟಿಯಾಗಲ್ಲ. ಬಿಟ್ಟುಬಿಡಿ, ಎರಡು ವಾರ ಕಳೆದು ಬನ್ನಿ."
ಅವಳು ನನ್ನ ಕಡೆ ತಿರುಗಿದಳು:
"ಲವಂಗಕ್ಕೆ ಹೆದರೋ ಅಂಟಾ?"
ನಾನು ಮಾಸ್ಕಿನೊಳಗೆ ನಕ್ಕೆ.

ಹದಿನೈದನೇ ದಿನ ಬಂದಳು, ಲವಂಗವಿಲ್ಲದ ಬಾಯಿ,
ನಿದ್ದೆಯಿಲ್ಲದ ಕಣ್ಣು.
ಬಣ್ಣದ ಪಟ್ಟಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ.
ಎ-ಎರಡು ಬಿಳಿಚಿತು. ಎ-ಮೂರೂವರೆ ಅಂದೆ.
ಎಲೆಯಡಿಕೆಯ ಅಂಚು ಯಾವ ಪಟ್ಟಿಯಲ್ಲೂ ಇಲ್ಲ.
"ಮಲ್ಲಿಗೆಯಂಗೆ ಮಾಡವ್ವ" ಅಂದಳು.
ಮಾಡಲಿಲ್ಲ. ಪಕ್ಕದ ಹಲ್ಲು ಏನಂದುಕೊಂಡೀತು?

ನೀಲಿ ಆಸಿಡ್ಡು, ಅಕ್ಕಿಕಾಳಿನಷ್ಟು.
ಹದಿನೈದು ಎಣಿಸುವುದು ನನ್ನ ಕೆಲಸ.
ಹೊಳಪು ಹೋಗಿ ಸುಣ್ಣದ ಗೋಡೆಯ ಹಾಗೆ ಮಂಕಾಗಬೇಕು,
ನುಣುಪಾದದ್ದಕ್ಕೆ ಏನೂ ಹಿಡಿಯುವುದಿಲ್ಲ.
ಆಮೇಲೆ ನೀರು. ಆಮೇಲೆ ಗಾಳಿ.
"ಸಾಕು ಸಾಕು," ಡಾಕ್ಟರು ನನ್ನ ಮಣಿಕಟ್ಟು ಹಿಡಿದರು.
"ಪೂರ್ತಿ ಒಣಗಿಸಬೇಡ. ಒಳಗಿನ ನಾರು ಮುದುಡಿ ಮಲಗಿಬಿಡ್ತದೆ,
ಅಂಟು ಇಳಿಯಲ್ಲ. ನೀರು ನಿಂತರೂ ಕೆಡ್ತದೆ.
ಪಸೆ ಇರಬೇಕು, ಪಸೆ."

ಬಾಯಿ ತೆರೆದೇ ಇದ್ದ ನಿಂಗಾಜಮ್ಮ
ಗಂಟಲಿನಿಂದ ಏನೋ ಅಂದಳು.
ನೋವಾ? ಅಂದೆ. ಕೈಯಾಡಿಸಿದಳು, ಅಲ್ಲ.

ಒಂದು ಹನಿ ಬಾಂಡು, ಕೂದಲಿನಂಥ ಕುಂಚದಿಂದ ತಿಕ್ಕಿ, ಊದಿ,
ನೀಲಿ ದೀಪ, ಇಪ್ಪತ್ತು ಸೆಕೆಂಡು.
ಆ ಬೆಳಕನ್ನು ನೇರ ನೋಡಬಾರದು.
ಕಿತ್ತಳೆ ಫಲಕದ ಈಚೆಯಿಂದ ನೋಡಿದರೆ
ಅವಳ ಕುಂಕುಮ, ಮೂಗುಬೊಟ್ಟು, ನೆರೆತ ಹುಬ್ಬು,
ಎಲ್ಲ ಕನಕಾಂಬರದ ಬಣ್ಣ.

ಪದರದ ಮೇಲೆ ಪದರ. ಕಚ್ಚು ಮುಚ್ಚಿತು.
ನೀಲಿ ಕಾಗದ ಇಟ್ಟು ಡಾಕ್ಟರು ಅಂದರು: "ಕಚ್ಚಿ."

ಬಾಯಿ ಮುಕ್ಕಳಿಸಿ ಆಡಿದ ಮೊದಲ ಮಾತು:
"ಬಾಳೆನಾರೂ ಹಂಗೇ ಕಣವ್ವ. ಒಣಗಿದ್ರೆ ಪಟ್ಟಂತ ಕಿತ್ಕತದೆ,
ನೀರಿದ್ರೆ ಗಂಟು ಜಾರ್ತದೆ. ಸೆರಗಲ್ಲಿ ಒತ್ತಿ ಕಟ್ಬೇಕು.
ಇದ ಕಲಿಯಕ್ಕೆ ಎಷ್ಟು ವರ್ಸ ಓದಿದ್ರು ಇವ್ರು?"
"ಐದು" ಅಂದರು ಡಾಕ್ಟರು, ಗ್ಲೌಸು ಕಳಚುತ್ತ.
ಆಮೇಲೆ, ಬೆನ್ನು ತಿರುಗಿಸಿಯೇ, "ಇನ್ನೂ ಓದ್ತಾ ಇದ್ದೀನಿ."

ಹಲ್ಲಲ್ಲಿ ದಾರ ಕಡಿಯಬಾರದು, ಚೀಟಿಯಲ್ಲಿ ಬರೆದುಕೊಟ್ಟೆವು.
ಚೀಟಿಯಲ್ಲಿ ಅರ್ಧ ಮೊಳ ಮರುಗ ಸುತ್ತಿ ನನಗೇ ಕೊಟ್ಟಳು.

ಶನಿವಾರ ಮಾರ್ಕೆಟ್ಟಿನಲ್ಲಿ ಕಂಡಳು.
ಬುಟ್ಟಿಯ ಕಿವಿಗೆ ಕಟ್ಟಿದ ಮುರುಕು ಬ್ಲೇಡು.
ಬೆರಳು ಮಾತ್ರ, ಬ್ಲೇಡನ್ನು ಮರೆತು,
ದಾರವನ್ನು ನೇರ ತುಟಿಗೆ ಒಯ್ಯಿತು.
ನಾಲಿಗೆ ಹುಡುಕಿತು. ದಾರ ಹೊಸ ಅಂಚಿನ ಮೇಲೆ
ಜಾರಿತು, ಇನ್ನೊಮ್ಮೆ ಜಾರಿತು.
ನನ್ನನ್ನು ನೋಡಿ ನಾಚಿದಳು. ಹತ್ತಿರ ಕರೆದು,
ಪಕ್ಕದ ನಿಂಬೆಹಣ್ಣಿನವನಿಗೆ ಕೇಳಿಸದ ಹಾಗೆ:
"ಒಂಚೂರು ಗೀರಿಕೊಡಕ್ಕಾಗಲ್ವೇನವ್ವ ಅಲ್ಲಿ?
ದಾರದಷ್ಟು."