ಹತ್ತು ಅಂಕದ ಪ್ರಶ್ನೆ

ಅಮೆರಿಕದ ಕಾವ್ಯದಲ್ಲಿ ಪ್ರಜಾಪ್ರಭುತ್ವ,
ವ್ಯಕ್ತಿತ್ವ, ನಿಸರ್ಗ: ವಿವರಿಸಿ.
ಪ್ರಶ್ನೆ ನನ್ನದೇ.
ಕನ್ನಡದಲ್ಲೇ ಬರೀರಿ ಅಂದವಳೂ ನಾನೇ.
ನಲವತ್ತೊಂದು ಉತ್ತರಪತ್ರಿಕೆ ಚೀಲಕ್ಕೆ ತುರುಕಿಕೊಂಡು
ಚುನಾವಣೆ ಡ್ಯೂಟಿಗೆ ಬಂದಿದ್ದೇನೆ
ದಾವಣಗೆರೆಯ ಮಂಡಕ್ಕಿ ಭಟ್ಟಿ ಪಕ್ಕದ
ಉರ್ದು ಶಾಲೆಗೆ.

ರಾತ್ರಿ. ಪೊಲೀಸಪ್ಪ ಎರಡು ಬೆಂಚು ಜೋಡಿಸಿ ಮಲಗಿದ್ದಾನೆ.
ಕಿಟಕಿಗೆ ಗಾಜಿಲ್ಲ. ಹೊಟ್ಟಿನ ಹೊಗೆ
ತಡವಾಗಿ ಬಂದ ಹುಡುಗನಂತೆ
ಸದ್ದಿಲ್ಲದೆ ಹಿಂದಿನ ಸಾಲಲ್ಲಿ ಕೂತಿದೆ.

ಕೊಟ್ರೇಶ ಬರೆದಿದ್ದ: ಹುಲ್ಲು ಸಮಾನತೆಯ ಸಂಕೇತ.
ಗೌರಮ್ಮ ಬರೆದಿದ್ದಳು: ಹುಲ್ಲು ಸಮಾನತೆಯ ಸಂಕೇತ.
ಮೂವತ್ತೊಂಬತ್ತು ಮಂದಿಗೆ ಒಂದೇ ಗೈಡು, ಒಂದೇ ಪುಟ;
ವ್ಯಕ್ತಿತ್ವದ ಮೇಲೆ ಬರೆದದ್ದೂ
ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಒಂದೇ ತೆರ.
ಒಬ್ಬ ಖಾಲಿ ಬಿಟ್ಟಿದ್ದ. ಅದೂ ಒಂದು ಅಭಿಪ್ರಾಯ.

ಮುಬೀನಾಳದು ಒಂದೂವರೆ ಪುಟ,
ಹಾಳೆಯ ಮೂಲೆಯಲ್ಲಿ ಹೆಬ್ಬೆಟ್ಟಿನ ಮಸಿ:

‘ಆ ದೇಶದ ಹುಲ್ಲು ನಾನು ನೋಡಿಲ್ಲ ಮೇಡಂ.
ನಮ್ಮ ಕೇರಿಯಲ್ಲಿ ಹುಲ್ಲು ಏಳುವುದಿಲ್ಲ, ಟೈರಿನ ಹೊಗೆಗೆ.
ನಿಸರ್ಗ ನಮ್ಮ ಮನೆಗೆ ಚೀಲದಲ್ಲಿ ಬರುತ್ತದೆ,
ಭದ್ರಾ ಕಾಲುವೆಯ ಭತ್ತ,
ಮೂಗಿಟ್ಟರೆ ಇನ್ನೂ ಕೆಸರು.
ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆಸಿ,
ಉಪ್ಪುನೀರು ಕುಡಿಸಿ
ಅಬ್ಬಾ ಕಾದ ಮರಳಿಗೆ ಹಾಕುತ್ತಾರೆ.
ಎಲ್ಲದಕ್ಕೂ ಅದೇ ಮರಳು, ಅದೇ ಬೆಂಕಿ.
ಆದರೂ ಯಾವ ಕಾಳೂ
ಪಕ್ಕದ ಕಾಳನ್ನು ಕೇಳಿ ಅರಳುವುದಿಲ್ಲ.
ಒಂದು ಡೊಂಕು, ಒಂದರ ಹೊಟ್ಟೆ ದಪ್ಪ,
ಒಂದರ ಬೆನ್ನಿಗೆ ಸುಟ್ಟ ಗೆರೆ.
ಜರಡಿಗೆ ಬಿದ್ದ ಮೇಲೆ ಎಲ್ಲ ಸೇರಿ ಮಳೆಯ ಸದ್ದು.
ಅರಳದೆ ತಳದಲ್ಲಿ ಉಳಿದದ್ದನ್ನು
ಅಮ್ಮಿ ಎಸೆಯುವುದಿಲ್ಲ, ಕುಟ್ಟಿ ಗಂಜಿ ಕಾಯಿಸುತ್ತಾಳೆ.
ಪ್ರಜಾಪ್ರಭುತ್ವ ನನಗೆ ಗೊತ್ತಿರುವುದು ಇಷ್ಟು.
ಟೈಮ್ ಆಯಿತು.’

ಕೆಂಪು ಪೆನ್ನು ಅಲ್ಲೇ ನಿಂತಿತು.
ಕವಿಯ ಹೆಸರಿಗೆ ಎರಡು ಅಂಕ, ಸಾಲು ಎತ್ತಿ ಬರೆದರೆ ಮೂರು.
ಇವಳು ಒಬ್ಬ ಕವಿಯನ್ನೂ ಕರೆದಿಲ್ಲ,
ಅಮ್ಮಿಯನ್ನು ಕರೆದಿದ್ದಾಳೆ.

ಬೆಳಗ್ಗೆ ಏಳಕ್ಕೇ ಸಾಲು.
ಭಟ್ಟಿ ಆರಿಸುವಂತಿಲ್ಲ, ಪಾಳಿಯ ಮೇಲೆ ಬಂದರು:
ಒಬ್ಬ ಓಟು ಹಾಕುವಾಗ ಇನ್ನೊಬ್ಬ ಮರಳು ಕೆದಕುತ್ತಿದ್ದ.
ಶಾಯಿ ಹಚ್ಚುವ ರುದ್ರಮುನಿ ಗೊಣಗಿದ:
‘ಹಚ್ಚಿದ್ರೂ ಅಷ್ಟೆ, ಬಿಟ್ರೂ ಅಷ್ಟೆ ಮೇಡಂ,
ಮಸಿ ಮ್ಯಾಲೆ ಮಸಿ ಎಲ್ಲಿ ಕಾಣ್ತತಿ?’

ಒರೆಸಿದೆವು. ನನ್ನ ಬಾಟಲಿಯ ನೀರು, ಅವನ ಟವೆಲ್ಲು.
ಒಂದೊಂದೇ ಎಡಗೈ ತೋರುಬೆರಳು
ಕಪ್ಪಿನೊಳಗಿಂದ ಹೊರಬಂತು.
ಒಂದಕ್ಕೆ ಬೊಬ್ಬೆ, ಒಂದಕ್ಕೆ ಗುಣವಾಗದ ಬಿರುಕು,
ಬುಡೇನ್ ಸಾಬಿಯ ಬೆರಳಿಗೆ ಉಗುರೇ ಇಲ್ಲ.
ರುದ್ರಮುನಿ ಒಂದು ಗಳಿಗೆ ತಡೆದು
ಇರಬೇಕಾಗಿದ್ದ ಜಾಗಕ್ಕೇ ಗೆರೆ ಎಳೆದ.

ಅವರ ಹಿಂದೆ ಮಗಳು, ಮುಬೀನಾ. ಮೊದಲ ಓಟು.
‘ಮೇಡಂ, ಪೇಪರು...’ ಅಂದು ತುಟಿ ಕಚ್ಚಿದಳು.
ಏಜೆಂಟರು ಕೂತಿದ್ದರು; ನಾನು ಪಟ್ಟಿಯಲ್ಲಿ ತಲೆ ತಗ್ಗಿಸಿದೆ.
ರಟ್ಟಿನ ಮರೆಯಾಚೆ ಅವಳ ಹಿಮ್ಮಡಿ ಮಾತ್ರ ಕಂಡಿತು,
ಒಂದು ಸಲ ಮೇಲೆದ್ದದ್ದು ಕಂಡಿತು.
ಆಮೇಲೆ ಆ ಉದ್ದನೆಯ ಬೀಪು,
ಶ್ರೀಮಂತ ಗಿರಣಿಯವನಿಗೆ ಬಡಿದಷ್ಟೇ ಉದ್ದ.
ಒಳಗೆ ಯಾವುದು ಹೇಗೆ ಅರಳಿತೋ
ನನಗೆ ಗೊತ್ತಿಲ್ಲ. ಗೊತ್ತಾಗಕೂಡದು.
ವರ್ಷಗಟ್ಟಲೆ ಪಾಠ ಮಾಡಿದ್ದರಲ್ಲಿ
ಈ ಗೊತ್ತಾಗಕೂಡದ್ದನ್ನು ನಾನು ಹೇಳಿಯೇ ಇರಲಿಲ್ಲ.

ಯಂತ್ರ ಒಪ್ಪಿಸಿ ಮನೆಯ ದಾರಿ ಹಿಡಿದಾಗ ಹನ್ನೊಂದೂವರೆ.
ಒರೆಸಿ ಒರೆಸಿ ನನ್ನ ಐದೂ ಬೆರಳು ಕಪ್ಪು,
ನನ್ನ ಓಟು ಮಾತ್ರ ಅಂಚೆಯಲ್ಲಿ ಹೋಗಿದೆ.
ಆಟೋದ ದೀಪದಲ್ಲಿ ಹಾಳೆ ಬಿಡಿಸಿ
ಕೊಟ್ರೇಶನ ಅಂಚಿಗೆ ಬರೆದೆ:
ನಿನ್ನ ಕೇರಿಯಲ್ಲಿ ಏನು ಬೆಳೆಯುತ್ತದಪ್ಪಾ?

ಮುಬೀನಾಳಿಗೆ ಒಂಬತ್ತು.
ಒಂದು ಹಿಡಿದೆ,
ಟೈಮ್ ಆಯಿತು ಅಂತ ನಿಲ್ಲಿಸಿದ್ದಕ್ಕೆ.