ಆರೈಕೆ ಬೇಡದ ಗಿಡ

ಪ್ಯೊನ್ ಅವರೇ,
ಬೆಳಗಿನ ಆರಕ್ಕೆ ನೀವು ಬರುತ್ತೀರಿ, ನಾನು ಹೊರಡುತ್ತೇನೆ.
ಹನ್ನೊಂದು ವರ್ಷ ಒಂದೇ ಕೆಟಲ್ಲು, ಒಂದೇ ಮಂಚ,
ದಿಂಬಿನ ಒಂದು ಮಗ್ಗುಲು ನಿಮ್ಮದು, ಮಗುಚಿದರೆ ನನ್ನದು.
ಒಮ್ಮೆಯೂ ಒಟ್ಟಿಗೆ ಕೂತು ಉಂಡಿದ್ದಿಲ್ಲ.
ಪಾರ್ಸೆಲ್ಲು, ಬೀಗದ ಕೈ, ಆರನೇ ಮಹಡಿಯ ಜಗಳ
ಎಲ್ಲ ಡೈರಿಯಲ್ಲಿ ಬರೆದಿದ್ದೇನೆ.
ಗಿಡದ್ದು ಬರೆಯಲು ಅಲ್ಲಿ ಕಾಲಂ ಇಲ್ಲ,
ಅದಕ್ಕೇ ಈ ಹಾಳೆ.

ಮೊದಲು ಇಲ್ಲಿ ಗುಲಾಬಿ ಇತ್ತಲ್ಲ,
ಗೊಬ್ಬರ, ಔಷಧಿ, ಮಾಲಿಯ ಕೂಲಿ ಅಂತ ಲೆಕ್ಕ ಹಾಕಿ
ಸಂಘದವರು ಕಿತ್ತರು.
ಲಾರಿಯಲ್ಲಿ ಬಂತು ಮ್ಯಾಂಗ್‌ಮುಂದೊಂಗ್,
ಪ್ಲಾಸ್ಟಿಕ್ ತಟ್ಟೆಗಳಲ್ಲಿ ಸಾಲಾಗಿ,
ಆಗಷ್ಟೇ ಕ್ರಾಪು ಮಾಡಿಸಿಕೊಂಡ ಶಾಲೆ ಹುಡುಗರ ಹಾಗೆ.
ಚೀಟಿಯಲ್ಲಿ ಹೀಗಿತ್ತು: ನೆರಳಲ್ಲೂ ಬೆಳೆಯುತ್ತದೆ,
ವರ್ಷವಿಡೀ ಹಸಿರು, ಆರೈಕೆ ಬೇಡ.
ಅಧ್ಯಕ್ಷೆ ನಾಮ್‌ಗುಂಗ್ ಮೇಡಂ
ಕೊನೆಯ ಎರಡು ಪದವನ್ನು ಇನ್ನೊಮ್ಮೆ ಓದಿದರು.

ನಾನೂ ನಂಬಿದ್ದೆ. ಹುಲ್ಲು ತಾನೇ.
ನೂರೇಳನೇ ಬ್ಲಾಕಿನ ನೆರಳು, ವೊಂಜುವಿನ ಜನವರಿ,
ದಾರಿಗೆ ಎರಚಿದ ಉಪ್ಪನ್ನು ಹಿಮದ ಸಮೇತ ಗುಡಿಸಿ
ಪಾತಿಗೆ ತಳ್ಳಿದವನು ನಾನೇ.
ಮಾರ್ಚಿಗೆ ಆ ಅಂಚೆಲ್ಲ ತಳ ಹತ್ತಿದ ಅನ್ನದ ಬಣ್ಣ.
ಹಿಮ ಯಾವಾಗಲೂ ಸೈಕಲ್ ಸ್ಟ್ಯಾಂಡಿನ ಕಡೆ ಹೋಗಲಿ.

ಫೆಬ್ರವರಿ ಮುಗಿಯುವಾಗ ಹಳೆಯ ಎಲೆ ಕತ್ತರಿಸಬೇಕು.
ಮೊಳಕಾಲೂರಿ, ಬೆರಳಿಂದ ಬುಡ ಬಿಡಿಸಿ ನೋಡಿ:
ಮೊಳಕೆ ಅಕ್ಕಿಕಾಳಷ್ಟಿದ್ದರೆ ಸರಿ,
ಬೆರಳುದ್ದ ಬಂದಿದ್ದರೆ ಕತ್ತರಿ ಕೆಳಗಿಡಿ.
ತುದಿ ಒಮ್ಮೆ ತುಂಡಾದರೆ
ಆ ಎಲೆ ವರ್ಷಪೂರ್ತಿ ಮೊಂಡಾಗಿಯೇ ಇರುತ್ತದೆ.
ಈ ವಿಷಯಕ್ಕೆ ನನ್ನ ತೋರುಬೆರಳೇ ಸಾಕ್ಷಿ,
ಅದರ ತುದಿ ಅನ್ಸಾನಿನ ಪ್ರೆಸ್ ಮಷೀನಿನಲ್ಲಿದೆ.

ಆಗಸ್ಟಿನಲ್ಲಿ ಹೂವು.
ಪ್ರತಿ ಸಲವೂ ನಿಮ್ಮ ಪಾಳಿಯಲ್ಲೇ ಮೊದಲು ಅರಳುತ್ತದೆ,
ಹೇಗೆ ಅಂತ ಗೊತ್ತಿಲ್ಲ, ನನಗೆ ಸ್ವಲ್ಪ ಹೊಟ್ಟೆಕಿಚ್ಚು.
ಮಣಿ ಮಣಿ ನೇರಳೆ ಕಡ್ಡಿಗಳು,
ಬೀದಿನಾಯಿಯೂ ನಾಲಿಗೆ ಚಾಚುವ ಸೆಕೆಯಲ್ಲಿ
ನೆಟ್ಟಗೆ.
ಆಮೇಲೆ ಹಸಿರು ಕಾಯಿ, ಆಮೇಲೆ ಹಿಮ,
ಹಿಮದ ಮೇಲೆ ಯಾರೋ ದಾರ ಹರಿದು ಚೆಲ್ಲಿದಂತೆ
ಕರಿಮಣಿ.
ಐನೂರ ಮೂರರ ಅಜ್ಜಿ ಕೆಮ್ಮಿಗೆ ಬೇರಿನ ಗಡ್ಡೆ ಕೇಳುತ್ತಾರೆ.
ಒಂದು ಹಿಡಿ ಕೊಡಿ, ಮೇಡಂಗೆ ಹೇಳಬೇಡಿ.
ಗಡ್ಡೆ ಹೋದರೂ ಬುಡ ನೆಟ್ಟರೆ ಅದು ಬದುಕಿಕೊಳ್ಳುತ್ತದೆ.

ನಿನ್ನೆ ನೋಟಿಸು ಅಂಟಿಸಿದರು. ಟೇಪು ಹಿಡಿದವನು ನಾನು.
ಗೇಟಿಗೆ ಕ್ಯಾಮೆರಾ ಕಂಬ ಬರುತ್ತದಂತೆ,
ಕಾರಿನ ನಂಬರು ತಾನೇ ಓದುತ್ತದಂತೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸಕ್ಕೆ
ಎಣ್ಣೆ ಬೇಡದ ಕಣ್ಣು.
ಇಬ್ಬರಲ್ಲಿ ಒಬ್ಬರು ಸಾಕು, ಅದೂ ಹಗಲಿಗೆ.
ಯಾರು ಅಂತ ಬರೆದಿಲ್ಲ.
ನಿಮಗೆ ಮಗಳ ಮದುವೆಯಿದೆ, ನನಗೆ ಮಂಡಿನೋವಿದೆ.
ಥಾಕ್ ಬೊಂಗ್‌ಗು, ಥಾಕ್ ಬೊಂಗ್‌ಗು ಅಂತ
ಮೂರು ತಿಂಗಳಿಗೊಮ್ಮೆ ಕರಾರಿಗೆ ಸಹಿ ಹಾಕಿ
ಹೆಸರೇ ಸವೆದುಹೋಗಿದೆ.

ಹೇಗೂ ಮಾರ್ಚ್, ಬುಡ ಬಿಡಿಸುವ ಕಾಲ.
ರಾತ್ರಿ ಎರಡಕ್ಕೆ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಪಾತಿಯ ಕೊನೆಯ ದೊಡ್ಡ ಬುಡ ಎತ್ತಿದೆ.
ಚಾಕು ಬೇಡ, ಎರಡು ಹೆಬ್ಬೆರಳು ಸಾಕು,
ಅವಸರ ಮಾಡದಿದ್ದರೆ ಬೇರು ತಾನೇ ದಾರಿ ಬಿಡುತ್ತದೆ.
ಅರ್ಧ ಅಲ್ಲೇ ನೆಟ್ಟಿದ್ದೇನೆ.
ಇನ್ನರ್ಧ ಕಿಟಕಿಯ ಮೇಲೆ, ರಾಮ್ಯನ್ ಡಬ್ಬಿಯಲ್ಲಿ.
ಹೋಗುವವರು ತೆಗೆದುಕೊಂಡು ಹೋಗಲಿ.
ನಡುವನ್ನು ಹೂಳಬಾರದು, ಮಣ್ಣಿನ ಮಟ್ಟಕ್ಕಿರಲಿ.
ಮೊದಲ ಕೆಲವು ವಾರ ನೀರು ಬೇಕು.
ಚೀಟಿಯಲ್ಲಿ ಇದನ್ನು ಬರೆದಿರಲಿಲ್ಲ.

ಕೆಟಲ್ಲು ಬಿಸಿಯಿದೆ.
ದಿಂಬು ಮಗುಚಿಟ್ಟಿದ್ದೇನೆ.